ಹ್ಯಾಂಬರ್ಗಿನಲ್ಲಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು

ಬೊಬ್ರುವಾಡ

ಜರ್ಮನಿಗೆ ಹೋಗಿ ಬಂದೆ ಎಂದರೆ ಜನ ಕೋಟೆ, ಚರ್ಚು, ಹಿಮ ಎಂದು ಕೇಳಲು ಕೂರುತ್ತಾರೆ. ನನಗೆ ಗೊತ್ತಿರುವ ಜರ್ಮನಿ ಎಂದರೆ ಒಂದು ಆಸ್ಪತ್ರೆಯ ಬಾಗಿಲು, ಒಂದು ಮೀನುಪೇಟೆ, ಮೂರನೇ ಮಹಡಿಯ ಒಂದು ಮನೆ. ಅಷ್ಟರಲ್ಲೇ ನನಗೆ ಬಂದ ಸಿಟ್ಟು ಇಡೀ ಯುರೋಪಿಗೆ ಹಂಚಿದರೂ ಮಿಗುವಷ್ಟಿತ್ತು. ಈಗ ಇಳಿದಿದೆಯೇ ಎಂದು ಕೇಳಿದರೆ, ಪೂರ್ತಿ ಇಳಿದಿಲ್ಲ ಎಂದೇ ಹೇಳಬೇಕು.

ನನ್ನ ತಮ್ಮ ರಮಾಕಾಂತ ಹಡಗಿನ ಅಡುಗೆಯವನಾಗಿ ಊರು ಬಿಟ್ಟವನು. ಸಮುದ್ರ ಸಾಕಾಗಿ ಹ್ಯಾಂಬರ್ಗ್ ಬಂದರಿನ ಒಂದು ಕ್ಯಾಂಟೀನಿನಲ್ಲಿ ನೆಲೆ ನಿಂತ. ಅಲ್ಲೇ ಒಂದು ದಿನ ತಲೆ ತಿರುಗಿ ಬಿದ್ದವನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೇರೆಯವರ ಅಸ್ಥಿಮಜ್ಜೆ ಹಾಕಿದರೆ ಮಾತ್ರ ಉಳಿಯುತ್ತಾನೆ ಎಂದರು ಡಾಕ್ಟರು. ಇಲ್ಲಿಂದ ಕಳಿಸಿದ ನನ್ನ ರಕ್ತ ಅವನದಕ್ಕೆ ಹೊಂದಿಕೆಯಾಯಿತು. ಒಡಹುಟ್ಟಿದವರದೂ ಎಷ್ಟೋ ಸಲ ಹೊಂದುವುದಿಲ್ಲವಂತೆ. ಚಿಕ್ಕಂದಿನಲ್ಲಿ ಒಂದೇ ಒಂದು ವಿಷಯಕ್ಕೂ ಹೊಂದಿಕೆಯಾಗದ ನಾವು ಇದರಲ್ಲಿ ಹೊಂದಿಬಿಟ್ಟೆವು.

ಸುದ್ದಿ ಕೇಳಿ ಅಂಕೋಲೆ ಹತ್ತಿರದ ನಮ್ಮ ಬೊಬ್ರುವಾಡ ಕಂಗಾಲಾದದ್ದು ನನ್ನ ಎಲುಬಿನ ಬಗ್ಗೆ. ಬಾಳೆಗುಳಿಯ ಚಿಕ್ಕಮ್ಮ ಬಂದು ಯಾವ ಕಾಲಿನ ಎಲುಬು ತೆಗೆಯುತ್ತಾರೆ, ಮುಂದೆ ಶಾಲೆಗೆ ಹೇಗೆ ನಡೆದು ಹೋಗುತ್ತೀ ಎಂದು ಕಣ್ಣೀರು ಹಾಕಿದಳು. ನಮ್ಮಮ್ಮ, ಆಯಿ, ಅಳಲಿಲ್ಲ. ಒಣ ಸೀಗಡಿ, ಕೋಕಂ, ಉಪ್ಪು ಹಚ್ಚಿದ ಹಲಸಿನ ಸೊಳೆ, ದೇವಸ್ಥಾನದ ಹೂವಿನ ಪ್ರಸಾದ ಎಲ್ಲವನ್ನೂ ಕಟ್ಟಿ, ಮಗನ ಕೈಯಲ್ಲೇ ಕೊಡಬೇಕು ಎಂದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಊರಿನ ಕಾಗುಣಿತವೆಲ್ಲ ನನ್ನ ಕೈಯಲ್ಲಿದೆ, ಆದರೆ ಆಯಿಯ ಗಂಟನ್ನು ಬಿಚ್ಚುವ ಧೈರ್ಯ ನನಗೂ ಇಲ್ಲ.

ವಿಮಾನ ನಿಲ್ದಾಣ

ಜರ್ಮನಿಯ ಕಸ್ಟಮ್ಸಿನವನು ನನ್ನ ಚೀಲವನ್ನು ಪಕ್ಕಕ್ಕೆ ಎಳೆದ. ಕಟ್ಟುಮಸ್ತಾದ ಆಳು, ಕೈಗೆ ನೀಲಿ ಗವಸು. ಸೀಗಡಿಯ ಡಬ್ಬ ತೆರೆದು ಮೂಗು ಹತ್ತಿರ ತಂದವನು ಹಾಗೇ ಹಿಂದಕ್ಕೆ ಹೋದ. ಅವನ ಜೊತೆಗಾರನನ್ನು ಕರೆದ. ಅವನೂ ಮೂಸಿ ಹಿಂದಕ್ಕೆ ಹೋದ. ಹಾಲು, ಮಾಂಸ ತರಬಾರದು, ಮೀನಿಗೆ ಅಡ್ಡಿಯಿಲ್ಲ ಎಂದು ಪುಸ್ತಕ ನೋಡಿ ಹೇಳಿದರು. ಹೇಳುವಾಗ ಇಬ್ಬರ ಮುಖದಲ್ಲೂ ಆ ಪುಸ್ತಕ ಬರೆದವರ ಮೇಲೆ ಅಸಮಾಧಾನವಿತ್ತು. ಅಲ್ಲಿಂದ ಗೆದ್ದು ಬಂದೆನಲ್ಲ ಎಂದು ಬೀಗುತ್ತ ಹೊರಬಂದರೆ ತಮ್ಮನ ಹೆಂಡತಿ ಸವಿತಾ ಮಾಸ್ಕ್ ಹಾಕಿಕೊಂಡು ದೂರದಲ್ಲೇ ನಿಂತು ಕೈ ಮುಗಿದಳು. ಅಪ್ಪಿಕೊಳ್ಳಲಿಲ್ಲ. ಮನೆಗೆ ಹೋದವಳೇ ಗಂಟು ಬಿಚ್ಚಿ ಹೂವಿನ ಪ್ರಸಾದವನ್ನು ಬೇರೆ ತೆಗೆದಿಟ್ಟಳು. ರೋಗಿಯ ಕೋಣೆಗೆ ಹೂವು ಒಯ್ಯುವಂತಿಲ್ಲ, ಹೊರಗಿನ ತಿಂಡಿ ಒಯ್ಯುವಂತಿಲ್ಲ, ಒಣ ಮೀನಿನ ಮಾತಂತೂ ಎತ್ತಲೇಬೇಡಿ ಅತ್ತಿಗೆ ಎಂದಳು. ಏಳು ಸಮುದ್ರ ದಾಟಿಸಿ ತಂದದ್ದನ್ನು ಕೊನೆಗೆ ನಾನೇ ತಿಂದೆ.

ಆಸ್ಪತ್ರೆ

ಎಲುಬು ಕೊಯ್ಯುತ್ತಾರೆ ಎಂದುಕೊಂಡವರಿಗೆ ನಿರಾಶೆಯಾಗುವ ವಿಷಯ: ಯಾರೂ ನನ್ನ ಎಲುಬು ಮುಟ್ಟಲಿಲ್ಲ. ಕೆಲವು ದಿನ ಚುಚ್ಚುಮದ್ದು ಕೊಟ್ಟರು. ಮೈಯೆಲ್ಲ ದಿನವಿಡೀ ಗದ್ದೆಯಲ್ಲಿ ಬಗ್ಗಿ ನೆಟ್ಟಿ ಹಾಕಿದವರ ಹಾಗೆ ನೋಯಿತು. ಆಮೇಲೆ ಒಂದು ಕುರ್ಚಿಯಲ್ಲಿ ಕೂರಿಸಿ ಎರಡೂ ತೋಳಿಗೆ ಸೂಜಿ ಹಾಕಿದರು. ಒಂದರಿಂದ ರಕ್ತ ಯಂತ್ರಕ್ಕೆ ಹೋಗಿ, ಅಕ್ಕಿ ಆರಿಸಿದಂತೆ ಬೇಕಾದ ಕಣಗಳನ್ನು ಅಲ್ಲಿ ಆರಿಸಿಕೊಂಡು, ಉಳಿದದ್ದು ಇನ್ನೊಂದರಿಂದ ವಾಪಸು ಬಂತು. ಕೊನೆಯಲ್ಲಿ ಸಿಕ್ಕಿದ್ದು ಒಂದು ಸಣ್ಣ ಚೀಲ, ತೆಳು ಸಾರಿನ ಬಣ್ಣ. ಇಷ್ಟರಲ್ಲಿ ಒಬ್ಬ ಮನುಷ್ಯ ಮತ್ತೆ ಹುಟ್ಟುತ್ತಾನೆಯೇ ಎಂದು ನನಗೆ ನಂಬಿಕೆಯಾಗಲಿಲ್ಲ.

ಅದಕ್ಕೂ ಮೊದಲು ಒಬ್ಬ ಎತ್ತರದ ಲೇಡಿ ಡಾಕ್ಟರು ನನ್ನ ಜನ್ಮ ಜಾಲಾಡಿದ್ದರು. ಸೀತಾಳೆ ಸಿಡುಬು, ದಡಾರ, ಕಾಮಾಲೆ ಏನೇನು ಬಂದಿತ್ತು ಎಂದು ಕೇಳಿದರು. ಕೆಲವು ವೈರಸ್ಸುಗಳು ಒಮ್ಮೆ ಬಂದರೆ ಹೋಗುವುದೇ ಇಲ್ಲ, ಮೈಯೊಳಗೇ ಮಲಗಿರುತ್ತವೆ, ನಿಮ್ಮಲ್ಲೂ ಇವೆ, ತಮ್ಮನಲ್ಲೂ ಇವೆ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ತಿಳಿಸಿದರು. ದಿನಾ ಎರಡು ಹೊತ್ತು ಮೀಯುವವಳಿಗೆ ಹೀಗಂದದ್ದು ನನಗೆ ಹಿಡಿಸಲಿಲ್ಲ. ಅವರು ಹೇಳಿದ್ದು ಇಷ್ಟು: ರಮಾಕಾಂತನ ಕೆಟ್ಟ ಮಜ್ಜೆಯನ್ನು ಮದ್ದಿನಿಂದ ಸುಟ್ಟು ಖಾಲಿ ಮಾಡಿ ನನ್ನದನ್ನು ಅಲ್ಲಿ ಬಿತ್ತುತ್ತಾರೆ. ಅದು ಬೇರು ಬಿಟ್ಟು ಬಲಿಯಲು ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಅಲ್ಲಿಯವರೆಗೆ ಮಲಗಿದ ವೈರಸ್ ಏಳಬಹುದು, ಹೊರಗಿನದು ಒಳಗೆ ಬರಬಹುದು, ತಡೆಯುವ ಕಾವಲುಗಾರ ಇರುವುದಿಲ್ಲ. ಅದಕ್ಕೇ ದಿನಾ ಮಾತ್ರೆ, ವಾರವಾರ ರಕ್ತ ಪರೀಕ್ಷೆ. ಕ್ಯಾನ್ಸರ್ ಗೆದ್ದವರೂ ಎಷ್ಟೋ ಜನ ಒಂದು ಸಾಮಾನ್ಯ ವೈರಸ್ಸಿಗೆ ಸೋತಿದ್ದಾರೆ ಎಂದಾಗ ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭ.

ನನ್ನ ಕಣಗಳು ಅವನೊಳಗೆ ಹೋದ ಮೇಲೆ ಒಂದು ಬೆಳಿಗ್ಗೆ ಅವನನ್ನು ನೋಡಲು ಹೋದೆ. ವಾರ್ಡಿನ ಹೊರಬಾಗಿಲಲ್ಲಿ ನರ್ಸ್ ಎಂದಿನಂತೆ ಶೀತ, ಜ್ವರ, ಕೆಮ್ಮು ಕೇಳಿದಳು. ಇಲ್ಲ ಎಂದೆ. ಎಂದವಳೇ ಸೀನಿದೆ. ಮೂಗಿಗೆ ಕಡ್ಡಿ ಹಾಕಿ ತೆಗೆದು ಕೂರಿಸಿದರು. ಫಲಿತಾಂಶ ಬಂದ ಮೇಲೆ ಬಾಗಿಲು ತೆರೆಯಲಿಲ್ಲ. ಸಾಮಾನ್ಯ ನೆಗಡಿಯ ವೈರಸ್ ಅಂತೆ. ಪೂರ್ತಿ ಹೋಗುವವರೆಗೆ ಒಳಗೆ ಪ್ರವೇಶವಿಲ್ಲ.

ನಾನು ಕನ್ನಡದಲ್ಲೇ ಬೈದೆ. ಇಂಗ್ಲಿಷಿನಲ್ಲಿ ಬೈಗುಳಕ್ಕೆ ರುಚಿಯಿಲ್ಲ. ಅವನ ಮೈಯಲ್ಲಿ ಹರಿಯುತ್ತಿರುವುದು ನನ್ನ ರಕ್ತ, ನನ್ನನ್ನೇ ಹೊರಗೆ ನಿಲ್ಲಿಸುತ್ತೀರಾ? ನಮ್ಮ ಅಜ್ಜಿ ಮೀನಿನ ಬುಟ್ಟಿ ಹೊತ್ತು ಅಂಕೋಲೆಯ ಕೆಲವು ಮನೆಗಳಿಗೆ ಹೋಗುತ್ತಿದ್ದಳು. ಅಂಗಳದ ಅಂಚಿನಲ್ಲಿ ನಿಲ್ಲಬೇಕು, ಮೆಟ್ಟಿಲು ಹತ್ತುವಂತಿಲ್ಲ, ನೀರು ಕೇಳಿದರೆ ಮೇಲಿಂದ ಸುರಿಯುತ್ತಿದ್ದರು. ಅವಳ ಮೊಮ್ಮಗಳು ಓದಿ, ಟೀಚರಾಗಿ, ವಿಮಾನ ಹತ್ತಿ ಹೋದರೂ ಕೊನೆಗೆ ನಿಂತದ್ದು ಬಾಗಿಲ ಹೊರಗೇ. ಆ ನರ್ಸ್‌ಗೆ ಇದೆಲ್ಲ ಎಲ್ಲಿ ಗೊತ್ತು. ನೀರು ತಂದುಕೊಟ್ಟಳು, ಲೋಟ ಕೈಗೇ ಕೊಟ್ಟಳು. ಕುಡಿದೆ, ಸಿಟ್ಟು ಮಾತ್ರ ಹಾಗೇ ಇತ್ತು.

ಆಗ ಲಿಫ್ಟಿನಿಂದ ಬಿಳಿ ಕೂದಲಿನ ಒಬ್ಬರು ಇಳಿದರು. ಆ ವಿಭಾಗದ ಹಿರಿಯ ಡಾಕ್ಟರು. ಎಲ್ಲರೂ ಎದ್ದು ನಿಲ್ಲುವಂಥ ಮನುಷ್ಯ. ನರ್ಸ್ ಅವರಿಗೂ ಅದೇ ಪ್ರಶ್ನೆ ಕೇಳಿದಳು. ಅವರು ಏನೋ ಹೇಳಿ ಗಂಟಲು ಮುಟ್ಟಿ ತೋರಿಸಿದರು. ಅವಳು ಆಗದು ಎಂದು ತಲೆ ಅಲ್ಲಾಡಿಸಿದಳು. ದೊಡ್ಡ ಡಾಕ್ಟರು ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತು ಫೋನಿನಲ್ಲೇ ಒಳಗಿನವರಿಗೆ ಹೇಳಬೇಕಾದ್ದನ್ನು ಹೇಳತೊಡಗಿದರು. ನಮ್ಮಲ್ಲಾದರೆ ಸಾಹೇಬರನ್ನು ತಡೆದ ನರ್ಸ್ ಮರುದಿನ ಎಲ್ಲಿರುತ್ತಿದ್ದಳೋ. ನನ್ನ ಅಜ್ಜಿಯನ್ನು ತಡೆದ ಮನೆಗಳಲ್ಲಿ ಯಜಮಾನರನ್ನು ಯಾರೂ ತಡೆಯುತ್ತಿರಲಿಲ್ಲ. ಈ ವ್ಯತ್ಯಾಸ ನನಗೆ ಹೊಳೆಯಲು ನೆಗಡಿ ಇಳಿಯುವಷ್ಟು ದಿನ ಬೇಕಾಯಿತು.

ಮೀನುಪೇಟೆ

ಒಳಗೆ ಬಿಡದಿದ್ದ ಆ ದಿನಗಳಲ್ಲಿ ಊರು ಸುತ್ತಿದೆ. ಹ್ಯಾಂಬರ್ಗಿನವರು ರಸ್ತೆಯಲ್ಲಿ ಒಂದೇ ಒಂದು ವಾಹನ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ಮಳೆ ಸುರಿಯುತ್ತಿದ್ದರೂ ನಿಲ್ಲುತ್ತಾರೆ. ನಾನು ದಾಟಿದಾಗ ಒಬ್ಬ ಅಜ್ಜಿ ಕೋಲು ಎತ್ತಿ, ಪಕ್ಕದಲ್ಲಿದ್ದ ಮಗುವನ್ನು ತೋರಿಸಿ ಗದರಿದಳು. ಮಗು ನೋಡಿ ಕಲಿಯುತ್ತದಂತೆ.

ಭಾನುವಾರ ಬೆಳಗಿನ ಮೀನುಪೇಟೆಗೆ ಹೋದೆ. ಅಲ್ಲಿ ಮೀನು ಮಾರುವವರು ಗಂಡಸರು. ಗಾಡಿಯ ಮೇಲೆ ನಿಂತು ಅರಚುತ್ತಾರೆ. ಅಂಕೋಲೆಯ ಪೇಟೆಯಲ್ಲಿ ನಮ್ಮ ಹೆಂಗಸರು ಕೂತಲ್ಲಿಂದಲೇ ಒಂದು ಹುಬ್ಬು ಏರಿಸಿ ಮಾಡುವ ವ್ಯಾಪಾರಕ್ಕೆ ಇಷ್ಟು ಗದ್ದಲ ಯಾಕೆ ಎನಿಸಿತು. ಬೇಯಿಸದ ಮೀನನ್ನು ಈರುಳ್ಳಿಯೊಂದಿಗೆ ಬ್ರೆಡ್ಡಿನೊಳಗಿಟ್ಟು ಕೊಟ್ಟರು. ಉಪ್ಪು, ಹುಳಿ ಇತ್ತು. ಮೆಣಸಿನ ಸುಳಿವಿಲ್ಲ. ಬಂಗಡೆ ಹಿಡಿಯುವ ಮನೆಯಲ್ಲಿ ಹುಟ್ಟಿದವಳು ಹಸಿ ಮೀನು ತಿಂದೆ ಎಂದು ಆಯಿಗೆ ಇವತ್ತಿಗೂ ಹೇಳಿಲ್ಲ. ಪೇಟೆಯಲ್ಲಿ ಕೆಮ್ಮು ಬಂದವರು ಮೊಣಕೈಯೊಳಗೆ ಮುಖ ಹುದುಗಿಸಿ ಕೆಮ್ಮಿ, ಯಾರೂ ಕೇಳದೆಯೇ ನಾಲ್ಕು ಹೆಜ್ಜೆ ದೂರ ಹೋಗುತ್ತಿದ್ದರು. ನಮ್ಮ ಬಸ್ಸಿನಲ್ಲಿ ಹಿಂದಿನ ಸೀಟಿನವ ಸೀನಿದರೆ ಮುಂದಿನವರ ಕುತ್ತಿಗೆಗೆ ಗೊತ್ತಾಗುತ್ತದೆ.

ಮೂರನೇ ಮಹಡಿ

ರಮಾಕಾಂತನನ್ನು ಮನೆಗೆ ಕಳಿಸಿದರು. ಬೋಳು ತಲೆ, ಸೊರಗಿದ ಮುಖ, ಶರ್ಟಿನೊಳಗೆ ಮೈ ಹುಡುಕಬೇಕು. ಆದರೂ ನನ್ನ ಕಣಗಳು ಬೇರು ಬಿಟ್ಟಿದ್ದವು. ನಾನು ನೆಗಡಿ ಮುಗಿಸಿ, ಪರೀಕ್ಷೆ ಪಾಸಾಗಿ, ಮಾಸ್ಕ್ ಹಾಕಿ ಅವನಿಗೆ ಗಂಜಿ ಬೇಯಿಸಿ ಕೊಡುತ್ತಿದ್ದೆ. ಮಾತ್ರೆ ತಪ್ಪಿಸುವಂತಿಲ್ಲ, ಗುಂಪಿಗೆ ಹೋಗುವಂತಿಲ್ಲ, ನೋಡಲು ಬರುವವರನ್ನು ಸದ್ಯಕ್ಕೆ ಬೇಡ ಎನ್ನಿ ಎಂದಿದ್ದರು ಆ ಎತ್ತರದ ಡಾಕ್ಟರು.

ಬೇಡ ಎನ್ನಿ! ಉತ್ತರ ಕನ್ನಡದವರಿಗೆ ಇದನ್ನು ಹೇಳಿ ನೋಡಿ. ನಮ್ಮಲ್ಲಿ ಮದುವೆಗೆ ಹೋಗದಿದ್ದರೆ ಕ್ಷಮೆಯಿದೆ. ಕಾಯಿಲೆ ಬಿದ್ದವನನ್ನು ನೋಡಿ ಬರದಿದ್ದರೆ ಇಲ್ಲ. ಬಾಳೆಹಣ್ಣು ಹಿಡಿದು ಬರಬೇಕು, ಹಾಸಿಗೆಯ ಮೇಲೇ ಕೂರಬೇಕು, ಕೈ ಮುಟ್ಟಿ ನೋಡಬೇಕು, ಇಂಥದೇ ಕಾಯಿಲೆ ಬಂದು ಸತ್ತ ಒಬ್ಬರ ಕತೆ ಹೇಳಿ ಚಹಾ ಕುಡಿದು ಏಳಬೇಕು. ಹ್ಯಾಂಬರ್ಗಿನಲ್ಲಿರುವ ನಮ್ಮ ಕಡೆಯವರು ಬೆರಳೆಣಿಕೆ, ಆದರೆ ಈ ಪದ್ಧತಿಯನ್ನು ಪಾಸ್‌ಪೋರ್ಟಿನ ಜೊತೆಗೇ ತಂದಿದ್ದಾರೆ.

ಮೊದಲು ಬಂದವನು ವಸಂತ. ಕಾರವಾರದ ಹತ್ತಿರದ ಅರ್ಗಾದವನು, ತಮ್ಮನ ಹಡಗಿನ ಕಾಲದ ಗೆಳೆಯ, ಈಗ ಅದೇ ಬಂದರಿನಲ್ಲಿ ವೆಲ್ಡರ್. ತಮ್ಮ ಬಿದ್ದ ದಿನ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನೂ ಅವನೇ. ಬಾಗಿಲಲ್ಲಿ ನಿಲ್ಲಿಸಿ ನಾನು ನರ್ಸಿನ ಪಾಠ ಒಪ್ಪಿಸಿದೆ. ಶೀತ ಇಲ್ಲ, ಜ್ವರ ಇಲ್ಲ, ಕೆಮ್ಮು ಇಲ್ಲ ಎಂದ. ಕೈ ತೊಳೆದ, ಮಾಸ್ಕ್ ಹಾಕಿದ. ಅಷ್ಟು ಮಾಡಿದವನನ್ನು ಕಳಿಸಲು ನನಗೂ ಮನಸ್ಸಾಗಲಿಲ್ಲ. ಐದು ನಿಮಿಷ ಎಂದು ಬಿಟ್ಟೆ. ಇಬ್ಬರೂ ಹಡಗಿನ ದಿನಗಳ ಬಗ್ಗೆ ಕೊಂಕಣಿಯಲ್ಲಿ ಮಾತಾಡಿದರು. ತಮ್ಮ ಎಷ್ಟೋ ದಿನದ ಮೇಲೆ ನಕ್ಕ. ಹೊರಡುವಾಗ ಚಳಿಗೆ ನಡುಗುತ್ತಿದ್ದ ತಮ್ಮನನ್ನು ನೋಡಿ ವಸಂತ ತನ್ನ ಕೊರಳಿನ ಉಣ್ಣೆಯ ಮಫ್ಲರ್ ತೆಗೆದು ಅವನ ಕುತ್ತಿಗೆಗೆ ಸುತ್ತಿ ಹೋದ.

ಗಂಜಿ ಕೊಡಲು ಬಗ್ಗಿದಾಗ ನೋಡಿದೆ. ಮಫ್ಲರಿನ ಒಳಮೈಯಲ್ಲಿ ಕೆಂಪು ಬಣ್ಣ ಮೆತ್ತಿತ್ತು. ಒಂದೆರಡು ಕಡೆ ಒದ್ದೆ ಒಣಗಿದ ಕಲೆ. ಜರ್ಮನಿಯ ಯಾವ ಡಾಕ್ಟರಿಗೂ ಅದು ಏನೆಂದು ತಿಳಿಯುತ್ತಿರಲಿಲ್ಲ. ನಮ್ಮೂರಿನ ಮಗುವಿಗೂ ತಿಳಿಯುತ್ತದೆ. ಅದು ಕಾವಿ ಮಣ್ಣು. ತುಳಸಿಕಟ್ಟೆಗೆ ಬಳಿಯುವ ಕಾವಿಯನ್ನು ನಮ್ಮಲ್ಲಿ ಮೈಗೆ ಬಳಿಯುವುದು ಒಂದೇ ಕಾಯಿಲೆಗೆ, ಸರ್ಪಸುತ್ತಿಗೆ.

ಸರ್ಪಸುತ್ತು ಎಂದರೆ ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸೇ ಮತ್ತೆ ಎದ್ದು ಬರುವುದು ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಗುಳ್ಳೆಯ ನೀರು ತಾಗಿದರೆ ಸಾಕು, ಕಾವಲಿಲ್ಲದ ಮೈಯಲ್ಲಿ ಅದು ಚರ್ಮದಲ್ಲೇ ನಿಲ್ಲುವುದಿಲ್ಲ, ಶ್ವಾಸಕೋಶಕ್ಕೆ, ಮಿದುಳಿಗೆ ಹೋಗುತ್ತದೆ. ಮಫ್ಲರನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ತಮ್ಮನ ಕುತ್ತಿಗೆ ತೊಳೆಸಿ, ಆಸ್ಪತ್ರೆಗೆ ಫೋನ್ ಮಾಡಿಸಿ, ವಸಂತನಿಗೂ ಫೋನ್ ಹಚ್ಚಿದೆ. ಕೇಳಿದ್ದಕ್ಕೆ ಅವನು ಸುಳ್ಳು ಹೇಳಲಿಲ್ಲ. ಹೆಗಲಿಂದ ಕುತ್ತಿಗೆವರೆಗೆ ಎದ್ದಿದೆ, ಅರ್ಗಾದಿಂದ ತಂದಿದ್ದ ಕಾವಿ ಹಚ್ಚಿದ್ದೇನೆ, ಇಲ್ಲಿ ಡಾಕ್ಟರಿಗೆ ತೋರಿಸಿಲ್ಲ ಎಂದ.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನೀವು ಶೀತ ಜ್ವರ ಕೇಳಿದ್ರಿ ಅಕ್ಕೋರೇ. ಇದು ಕಾಯ್ಲೆ ಅಲ್ಲ, ನಾಗನ ಸಿಟ್ಟು. ಅದನ್ನ ಬಾಯಿಬಿಟ್ಟು ಹೇಳೂಕೆ ಆಗ್ತದಾ? ಮನೆತನಕ್ಕೇ ಮಾತು ಬರ್ತದೆ."

"ನಾಗನ ಸಿಟ್ಟಿಗೆ ಮದ್ದದೆ ವಸಂತಾ. ನನ್ನ ಸಿಟ್ಟಿಗೆ ಇಲ್ಲ. ಇನ್ನು ಈ ಮೆಟ್ಲು ಹತ್ತಬೇಡ."

ಅಂದೇ ಆಸ್ಪತ್ರೆಗೆ ಹೋದೆವು. ಒಂದು ಚುಚ್ಚುಮದ್ದು ಕೊಟ್ಟರು, ವೈರಸ್ ತಡೆಯುವ ಮಾತ್ರೆಯನ್ನು ಹೆಚ್ಚಿಸಿದರು. ಬಂದರೆ ಎರಡು ಮೂರು ವಾರದೊಳಗೆ ಬರುತ್ತದೆ, ಕಾಯಬೇಕು ಎಂದರು. ಕಾದೆವು. ಪ್ರತಿ ಬೆಳಿಗ್ಗೆ ಸವಿತಾ ಅವನ ಅಂಗಿ ಬಿಚ್ಚಿಸಿ ಬೆನ್ನು, ಎದೆ, ಕಿವಿಯ ಹಿಂದೆ ನೋಡುತ್ತಿದ್ದಳು. ನಾನು ಬಾಗಿಲ ಬಳಿ ಕುರ್ಚಿ ಹಾಕಿ ಕೂತೆ. ಬಾಳೆಹಣ್ಣು ಹಿಡಿದು ಬಂದ ಒಬ್ಬರನ್ನೂ ಒಳಗೆ ಬಿಡಲಿಲ್ಲ. ಎಂಥಾ ಹೆಂಗಸು ಇವಳು ಎಂದು ಮೆಟ್ಟಿಲಿಳಿಯುತ್ತ ಆಡಿಕೊಂಡದ್ದು ನನಗೆ ಕೇಳಿಸಿತು. ಕೇಳಿಸಲಿ ಎಂದೇ ಆಡಿದ್ದರು.

ತಮ್ಮ ಮಾತ್ರ ಒಂದು ಮಧ್ಯಾಹ್ನ ಮೆಲ್ಲಗೆ, "ವಸಂತನ್ನ ಬೈಬೇಡ ಅಕ್ಕಾ. ಅವ ಎತ್ಕಂಡು ಹೋಗದೇ ಇದ್ರೆ ನೀನು ಕೊಟ್ಟದ್ದು ಹಾಕೂಕೆ ನಾನೇ ಇರ್ತಿರಲಿಲ್ಲ" ಎಂದ. ನನಗೆ ಇನ್ನಷ್ಟು ಸಿಟ್ಟು ಬಂತು. ಕೊಲ್ಲುವವನು ಶತ್ರುವಾಗಿದ್ದರೆ ಬಾಗಿಲು ಹಾಕುವುದು ಎಷ್ಟು ಸುಲಭವಾಗಿತ್ತು. ಇಲ್ಲಿ ಪ್ರೀತಿಯನ್ನೇ ಹೊರಗೆ ನಿಲ್ಲಿಸಬೇಕು, ಅದೂ ಮಫ್ಲರ್ ಬಿಚ್ಚಿಕೊಡುವಂಥ ಪ್ರೀತಿಯನ್ನು. ಅವನೇನು ಓದದ ಗಮಾರನಲ್ಲ. ಹಡಗಿನ ಉಕ್ಕು ಬೆಸೆಯುವವನು, ನಾಲ್ಕು ಭಾಷೆ ಬಲ್ಲವನು. ಕಾವಿ ಬಳಿದುಕೊಂಡರೆ ಬಳಿದುಕೊಳ್ಳಲಿ, ನಾಗನಿಗೆ ಹರಕೆ ಹೇಳಿಕೊಳ್ಳಲಿ, ಬಾಯಿ ಬಿಟ್ಟು ಹೇಳಲು ಏನಾಗಿತ್ತು? ನಮ್ಮ ಜನ ಕಾಯಿಲೆಗಿಂತ ಹೆಚ್ಚು ಅಂಜುವುದು ಮಾತಿಗೆ.

ಒಂದೇ ಒಂದು ಗುಳ್ಳೆಯೂ ಏಳಲಿಲ್ಲ. ಗಡುವು ಮುಗಿದ ದಿನ ಎತ್ತರದ ಡಾಕ್ಟರು ನನ್ನ ಕೈ ಹಿಡಿದು ಕುಲುಕಿದರು. ನಾನು ಅವರೆದುರೇ ಅತ್ತೆ.

ಮತ್ತೆ ಬೊಬ್ರುವಾಡ

ನಾನು ಬರುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ತಮ್ಮ ಹೇಗಿದ್ದಾನೆ ಎಂದು ಕೇಳಿದವರಿಗಿಂತ, ನೋಡಲು ಬಂದವರನ್ನು ಓಡಿಸಿದೆಯಂತೆ ಹೌದಾ ಎಂದು ಕೇಳಿದವರೇ ಹೆಚ್ಚು. ಆಯಿಯೂ ಮುಖ ಗಂಟಿಕ್ಕಿಕೊಂಡಿದ್ದಳು.

"ವಸಂತನ್ನ ಮೆಟ್ಲಿಂದ ಕೆಳಗೆ ಇಳಿಸ್ದೆ ಅಂತೆ. ಅವ್ನ ಆಯಿ ನನ್ನ ಜೊತೆಗೆ ಬುಟ್ಟಿ ಹೊತ್ತವ್ಳು. ಅರ್ಗಾಕ್ಕೆ ನಾನು ಯಾವ ಮುಖ ತಗಂಡು ಹೋಗೂದು?"

ಕೂರಿಸಿಕೊಂಡು ಎಲ್ಲ ಹೇಳಿದೆ. ಸುಟ್ಟು ಖಾಲಿ ಮಾಡಿದ ಮಜ್ಜೆ, ಕಾವಲಿಲ್ಲದ ಮೈ, ಕಾವಿ ಹತ್ತಿದ ಮಫ್ಲರ್. ಚಿಕ್ಕಂದಿನಲ್ಲಿ ಅವಳು ಎತ್ತಿಕೊಂಡು ಹೋಗಿ ಹಾಕಿಸಿದ ಲಸಿಕೆಗಳೂ ಅವನ ಮೈಗೆ ಮರೆತು ಹೋಗಿವೆ, ಗಡ್ಡ ಬಂದವನಿಗೆ ಈಗ ಒಂದೊಂದಾಗಿ ಕೂಸಿನ ಲಸಿಕೆ ಹಾಕುತ್ತಾರೆ, ಕೆಲವನ್ನಂತೂ ಎರಡು ವರ್ಷ ಹಾಕುವಂತೆಯೇ ಇಲ್ಲ ಎಂದೆ. ಮನೆಯವರು ಫ್ಲೂ ಲಸಿಕೆ ಹಾಕಿಸಿಕೊಂಡರೆ ಅವನಿಗೆ ಬೇಲಿ ಹಾಕಿದಂತೆ ಎಂದೆ. ಆಯಿ ಪೂರ್ತಿ ಕೇಳಿದಳು. ಕೇಳಿ ಎದ್ದು ಮೀನು ಕೊಯ್ಯಲು ಹೋದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಮಗ ಬಂದರೆ ನನ್ನ ಕೈಯಿಂದಲೇ ತುತ್ತು ಕೊಡುತ್ತೇನೆ, ಅದಕ್ಕೂ ನಿನ್ನ ಅಪ್ಪಣೆ ಬೇಕೇ ಎಂದು ಒಳಗಿನಿಂದ ಅಂದದ್ದು ಮಾತ್ರ ಕೇಳಿಸಿತು.

ಅರ್ಗಾ

ಮರುವರ್ಷ ಮಳೆಗಾಲ ಮುಗಿದ ಮೇಲೆ, ಡಾಕ್ಟರು ಒಪ್ಪಿ, ರಮಾಕಾಂತ ಕೆಲವು ದಿನಗಳ ಮಟ್ಟಿಗೆ ಊರಿಗೆ ಹೊರಟ. ಗುಂಪು ಸೇರಿಸಬೇಡಿ, ಶೀತ ಜ್ವರ ಇದ್ದವರು ಹತ್ತಿರ ಬರಬೇಡಿ ಎಂದು ಷರತ್ತು. ನಾನು ಕೇರಿಯ ಮನೆಮನೆಗೂ ಹೋಗಿ ಹೇಳಿ ಬಂದೆ. ಅರ್ಧ ಜನ ಮುಖ ತಿರುಗಿಸಿದರು. ಉಳಿದರ್ಧ ಜನ, ನಾವೇನು ಹೊರಗಿನವರೇ ಎಂದು ಕೇಳಿದರು. ಆಯಿ ಹೊಸ ಸೀರೆ ತೆಗೆದಿಟ್ಟಳು. ಅವನಿಗೆಂದು ಬೇರೆ ತಟ್ಟೆ, ಬೇರೆ ಲೋಟ ಬಿಸಿನೀರಲ್ಲಿ ಕುದಿಸಿಟ್ಟಳು. ಆಸ್ಪತ್ರೆಗೆ ಹೋಗಿ ಯಾರಿಗೂ ಹೇಳದೆ ಫ್ಲೂ ಲಸಿಕೆಯನ್ನೂ ಹಾಕಿಸಿಕೊಂಡು ಬಂದಿದ್ದಳು. ತೋಳು ಯಾಕೆ ನೋಯುತ್ತದೆ ಎಂದು ಕೇಳಿದಾಗ ಗೊತ್ತಾಯಿತು.

ಅವನನ್ನೂ ಸವಿತಾಳನ್ನೂ ಕರೆತರಲು ನಾನು ಬೆಳಿಗ್ಗೆ ಗೋವಾಕ್ಕೆ ಹೊರಟಾಗ ಆಯಿ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಮಾತಾಡಿಸಿದರೆ ಬರೀ ಕೈಯಾಡಿಸಿದಳು. ಈ ವಯಸ್ಸಿನಲ್ಲಿ ಇಂಥ ದಿನವೂ ಕೋಪವೇ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೇ ಹೋದೆ.

ತಮ್ಮನನ್ನು ಹತ್ತಿಸಿಕೊಂಡು ಬರುವಾಗ ಕಾರವಾರ ದಾಟುತ್ತಿದ್ದಂತೆ ಫೋನ್ ಬಂತು. ಆಯಿಯದು. ಅವಳ ದನಿ ಕಟ್ಟಿಹೋಗಿತ್ತು.

"ಬೆಳಿಗ್ಗೆ ಎದ್ದಾಗ್ಲೇ ಗಂಟಲು ಕೆರೀತಿತ್ತು. ಈಗ ಮೂಗೂ ಸುರೀತದೆ. ನಾನು ವಸಂತನ ಆಯಿ ಮನಿಗೆ ಬಂದೆ, ಅವ ಹೋಗೂವರೆಗೂ ಇಲ್ಲೇ ಇರ್ತೆ. ಅರ್ಗಾದಲ್ಲಿ ರಸ್ತೆ ಬದಿಗೆ ನಿಂತಿರ್ತೆ. ಗಾಡಿ ನಿಧಾನ ಹೊಡೂಕೆ ಹೇಳು. ನಿಲ್ಸೂದು ಬೇಡ."

ತಮ್ಮನಿಗೆ ಹೇಳಿದೆ. ಅವನು ಕಿಟಕಿಯ ಕಡೆ ಸರಿದು ಕೂತ. ಘಾಟಿಯ ತಿರುವುಗಳು ಮುಗಿದು ನೌಕಾನೆಲೆಯ ಉದ್ದನೆಯ ಗೋಡೆ ಬಂತು. ಗೋಡೆ ಮುಗಿಯುವಲ್ಲಿ ಇಬ್ಬರು ಮುದುಕಿಯರು ನಿಂತಿದ್ದರು. ಆಯಿ ಹೊಸ ಸೀರೆ ಉಟ್ಟಿದ್ದಳು. ಡ್ರೈವರ್ ನಿಧಾನ ಮಾಡಿದ. ನಿಲ್ಲಿಸಲೇ ಎಂದು ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಬೇಡ ಎಂದೆ.

ರಮಾಕಾಂತ ಮಾಸ್ಕ್ ಕೆಳಗೆಳೆದು ಮುಖ ತೋರಿಸಿದ. ಕೂದಲು ಬಂದ ತಲೆಯನ್ನು ಬಗ್ಗಿಸಿ ತೋರಿಸಿದ. ಆಮೇಲೆ ತಡೆಯಲಾರದೆ ಗಾಜು ಇಳಿಸಲು ಕೈ ಹಾಕಿದ. ಆಯಿ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು, ಹಿಂದೆ ಇದ್ದ ಚರಂಡಿಯನ್ನೂ ನೋಡದೆ, ಹಿಂದಕ್ಕೆ ಹಿಂದಕ್ಕೆ ಸರಿದಳು.